ಊರು ಕಟ್ಟಿದ ಹಳಕಟ್ಟಿಯವರು

ಕೇಳುಗ ಬಂಧುಗಳಿಗೆ ನಮಸ್ಕಾರ.

ಜುಲೈ 2 ಬಂತೆಂದರೆ ನಮ್ಮ ಶಾಲೆ, ಕಚೇರಿಗಳಲ್ಲಿ ಫ.ಗು. ಹಳಕಟ್ಟಿಯವರ ಫೋಟೋಕ್ಕೆ ಮಾಲೆ ಹಾಕುತ್ತೇವೆ. ವಚನ ಪಿತಾಮಹ ಎಂದು ಕೊಂಡಾಡುತ್ತೇವೆ. ಅದು ಸಲ್ಲಬೇಕಾದ ಗೌರವವೇ. ಇವತ್ತು ನಾನು ಮಾತ್ರ ಅವರು ನಮ್ಮೂರು ವಿಜಯಪುರಕ್ಕಾಗಿ ಮಾಡಿದ ಕೆಲಸದ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೇನೆ.

ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು. ಮುಂಬೈಯಲ್ಲಿ ಕಾನೂನು ಓದಿ, 1904ರ ಹೊತ್ತಿಗೆ ನಮ್ಮೂರಿಗೆ ಬಂದು ವಕೀಲಿ ಶುರು ಮಾಡಿದರು. ವೃತ್ತಿಯಲ್ಲಿ ವಕೀಲರಾದರೂ ನನ್ನ ಮನಸ್ಸು ಅವರನ್ನು ಶಿಕ್ಷಕರ ಸಾಲಿನಲ್ಲೇ ಕೂರಿಸುತ್ತದೆ.

ನಮ್ಮದು ಮಳೆ ನಂಬಿ ಕೂತ ಜಿಲ್ಲೆ. ನಮ್ಮ ಡೋಣಿ ನದಿಯ ಬಗ್ಗೆ, ಡೋಣಿ ಹರಿದರೆ ಓಣಿಯೆಲ್ಲಾ ಜೋಳ ಅಂತಾರಲ್ವಾ? ಹರಿಯದಿದ್ದರೆ ಸಾಲ. 1876ರಿಂದ 78ರವರೆಗಿನ ಭೀಕರ ಬರ ಕಂಡ ಮುದುಕರು ಆಗಿನ್ನೂ ಬದುಕಿದ್ದರು. ಬರ ಬಂದಾಗ ಎತ್ತು ಹೋಗುತ್ತದೆ, ಹೊಲ ಅಡಮಾನಕ್ಕೆ ಬೀಳುತ್ತದೆ, ಮಗ ಶಾಲೆ ಬಿಟ್ಟು ಕೂಲಿಗೆ ಹೋಗುತ್ತಾನೆ. ಹೀಗಾಗಿ ಬರೀ ಶಾಲೆ ತೆರೆದರೆ ಸಾಲದು. ಮನೆಯವರ ಕೈಯಲ್ಲಿ ನಾಲ್ಕು ಕಾಸೂ ಇರಬೇಕು.

ಹಳಕಟ್ಟಿಯವರು ಈ ಎರಡಕ್ಕೂ ಕೈ ಹಾಕಿದರು. 1910ರಲ್ಲಿ ಬಿ.ಎಲ್.ಡಿ.ಇ. ಎಂಬ ಶಿಕ್ಷಣ ಸಂಸ್ಥೆ. ಎರಡೇ ವರ್ಷಕ್ಕೆ, 1912ರಲ್ಲಿ, ಸಿದ್ಧೇಶ್ವರ ಸಹಕಾರಿ ಬ್ಯಾಂಕು. ಸಹಕಾರದ ಕಾನೂನು ಬಂದದ್ದೇ 1904ರಲ್ಲಿ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಮೊದಲ ಸಹಕಾರಿ ಸಂಘ ಆಗಿತ್ತು. ಜನಕ್ಕೆ ಇದಿನ್ನೂ ಹೊಸದು. ಹತ್ತಾರು ಜನ ಚಿಕ್ಕ ಚಿಕ್ಕ ಶೇರು ಹಾಕಬೇಕು, ಒಬ್ಬರಿಗೊಬ್ಬರು ಜಾಮೀನು ನಿಲ್ಲಬೇಕು, ಆ ದುಡ್ಡಿನಲ್ಲೇ ಸಾಲ ಎತ್ತಬೇಕು. ಸಾಹುಕಾರನ ಕಟ್ಟೆ ಬಿಟ್ಟು ಬೇರೆಲ್ಲೂ ಸಾಲ ಕಾಣದ ಅಂಗಡಿಯವನಿಗೆ, ನಿನ್ನ ದುಡ್ಡು ಇಲ್ಲಿ ಮುಳುಗುವುದಿಲ್ಲ ಎಂದು ನಂಬಿಸುವುದು ಸುಮ್ನೆ ಆಗುವ ಮಾತಲ್ಲ. ಹೇಳುವವರ ಮೇಲೆ ಊರಿಗೆ ಭರವಸೆ ಇರಬೇಕು.

ಇದರ ನಡುವೆಯೇ ವಚನದ ಕೆಲಸ, ಅಂದರೆ ತಾಡೋಲೆಗಳಲ್ಲಿದ್ದ ಶರಣರ ವಚನಗಳನ್ನು ಹುಡುಕಿ, ಓದಿ, ಅಚ್ಚಿಗೆ ತರುವುದು. ತಾಡೋಲೆ ನೋಡಿದ್ದೀರಾ? ಬೆರಳು ನಾಲ್ಕರಷ್ಟೂ ಅಗಲ ಇಲ್ಲದ ತಾಳೆಗರಿ. ಅದರ ಮೇಲೆ ಕಂಟ ಎಂಬ ಚೂಪು ಕಡ್ಡಿಯಿಂದ ಕೊರೆದ ಅಕ್ಷರ. ಮಸಿ ತಿಕ್ಕಿದರೆ ಮಾತ್ರ ಕಣ್ಣಿಗೆ ಕಾಣುತ್ತದೆ. ಪದ ಪದದ ನಡುವೆ ಜಾಗ ಬಿಟ್ಟಿರುವುದಿಲ್ಲ. ಒಂದು ವಚನ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಓದುವವರೇ ಬಿಡಿಸಬೇಕು. ಹುಳ ತಿಂದ ಕಡೆ ಇನ್ನೊಂದು ಪ್ರತಿ ಹುಡುಕಬೇಕು. ಕೋರ್ಟು, ಸಂಘ, ಬ್ಯಾಂಕು ಎಲ್ಲಾ ನೋಡಿಕೊಂಡು ಇದನ್ನೂ ಮಾಡಿದರಲ್ಲ, ನೆನೆದರೆ ಮೈ ಜುಮ್ಮೆನ್ನುತ್ತದೆ.

ಅವರ ವಚನಶಾಸ್ತ್ರಸಾರ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದೆ ಮನೆ ಮಾರಿ, ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಪ್ರೆಸ್ ಹಾಕಿದರು. ವಕೀಲಿ ಚೆನ್ನಾಗಿ ನಡೆಯಬಹುದಾಗಿದ್ದ ಮನುಷ್ಯ ಇರುವ ಸೂರನ್ನೇ ಅಚ್ಚಿನ ಮೊಳೆಗೆ ಸುರಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಶುರುವಾಯಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ವಚನದ ಕೆಲಸ ಬೇರೆ, ಬ್ಯಾಂಕಿನ ಕೆಲಸ ಬೇರೆ ಎಂದು ಅವರು ಎಣಿಸಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಕಾಯಕ, ದಾಸೋಹ ಎಂಬ ಮಾತುಗಳನ್ನು ಗರಿಯಿಂದ ಎತ್ತಿ ಅಚ್ಚಿಗೆ ಕೊಟ್ಟವರು ಹಗಲೆಲ್ಲಾ ಊರಿನಲ್ಲಿ ಮಾಡಿದ್ದೂ ಅದನ್ನೇ.

1964ರ ಜೂನ್ 29ರಂದು ಅವರು ತೀರಿಕೊಂಡರು. ಅವರು ಸಸಿ ನೆಟ್ಟ ಸಂಸ್ಥೆಯಲ್ಲಿ ಈಗ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಿವೆ. ಅವರ ಹೆಸರಿನ ಸಂಶೋಧನ ಕೇಂದ್ರವೂ ವಿಜಯಪುರದಲ್ಲಿದೆ.

ಕೊನೆಗೊಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ಅಜ್ಜನ ಟ್ರಂಕಿನಲ್ಲಿ ಶಿವಾನುಭವದ ಹಳೆಯ ಸಂಚಿಕೆ ಇರಬಹುದು. ಹಿತಚಿಂತಕ ಪ್ರೆಸ್ಸಿನ ಪುಸ್ತಕ ಇರಬಹುದು. ತಾಡೋಲೆ ಕಟ್ಟೇ ಇರಬಹುದು. ದಯವಿಟ್ಟು ರದ್ದಿಗೆ ಹಾಕಬೇಡಿ. ಎಣ್ಣೆ, ನೀರು ತಾಗದಂತೆ ಬಟ್ಟೆಯಲ್ಲಿ ಸುತ್ತಿಡಿ. ಆ ಕೇಂದ್ರಕ್ಕೆ ಒಯ್ದು ತೋರಿಸಿ.

ನಮಸ್ಕಾರ.