ಯಾರ ಕಾಲದ ಸಂಪ್ರದಾಯ?

ಕೇಳುಗರಿಗೆ ನಮಸ್ಕಾರ.

ಮೊನ್ನೆ ಸಾಗರದ ಕಡೆ ಒಂದು ಮದುವೆ ಊಟಕ್ಕೆ ಹೋಗಿದ್ದೆ. ಛತ್ರದ ವೇದಿಕೆಯ ಹಿಂದೆ ದೊಡ್ಡ ಹಸೆ ಚಿತ್ತಾರ, ಅಂದರೆ ಮದುವೆ ಮನೆಯ ಗೋಡೆಗೆ ಬರೆಯುವ ಎಳೆಗಳ ಚಿತ್ರ. ಹತ್ತಿರ ಹೋಗಿ ನೋಡಿದರೆ ಫ್ಲೆಕ್ಸು. ಪಕ್ಕದಲ್ಲಿದ್ದ ದೀವರ ಸಮುದಾಯದ ಅಜ್ಜಿ ಕಣ್ಣು ಕಿರಿದು ಮಾಡಿ, "ಬಣ್ಣ ಚಲೋ ಐತೆ, ಎಳೆ ಮಾತ್ರ ಸಮ ಬರ್ಲಿಲ್ಲ" ಅಂದರು. ಅವರ ಕಾಲಕ್ಕೆ ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದು ಬಿಳಿ, ಅದೇ ಅಕ್ಕಿ ಕರಕಲಾಗುವಂತೆ ಹುರಿದು ಕರಿ, ಗುರಿಗೆ ಕಾಯಿಯಿಂದ ಹಳದಿ ಮಾಡಿಕೊಳ್ಳುತ್ತಿದ್ದರು. ಕುಂಚ ಪುಂಡಿ ನಾರಿನದು.

ಅಜ್ಜಿ ಮಾತಿನ ನಡುವೆ ಅಂದರು: "ನನ್ನ ತೆರ ಕೊಟ್ಟು ತಂದಿದ್ರು." ತೆರ ಅಂದರೆ ಗಂಡಿನವರು ಹೆಣ್ಣಿನ ಮನೆಗೆ ಕೊಡುವ ಹಣ. ಗದ್ದೆಯಲ್ಲಿ ದುಡಿಯುವ ಕೈಯೊಂದು ತವರಿಗೆ ಕಡಿಮೆಯಾಗುತ್ತಿತ್ತಲ್ಲ! ಅವರ ಮೊಮ್ಮಗಳ ಹೊತ್ತಿಗೆ ದುಡ್ಡು ಎದುರು ದಿಕ್ಕಿಗೆ ಹರಿದು ವರದಕ್ಷಿಣೆಯಾಗಿದೆ. 1961ರಲ್ಲೇ ಅದನ್ನು ನಿಷೇಧಿಸಿದ ಕಾಯಿದೆ ಬಂದರೂ ಕೇಳಿದರೆ "ನಮ್ಮಲ್ಲಿ ಮೊದಲಿಂದ ನಡೆದು ಬಂದಿದ್ದು" ಅನ್ನುತ್ತಾರೆ. ಯಾವ ಮೊದಲು? ತೆರದ ಮೇಲೆ ನನಗೇನೂ ಮೋಹವಿಲ್ಲ, ಅದೂ ವ್ಯಾಪಾರವೇ. ಆದರೆ ಅಜ್ಜಿಗೆ ನೆನಪಿರುವುದು ಮೊಮ್ಮಗಳಿಗೆ ಗೊತ್ತೇ ಇಲ್ಲ.

ವಯಸ್ಸಿನದೂ ಇದೇ ಕಥೆ. ಎಂಟು ತುಂಬದ ಹುಡುಗಿಯ ಮದುವೆ ಕೂಡದೆಂದು ಮೈಸೂರು ಸಂಸ್ಥಾನ 1894ರಲ್ಲಿ ಕಾಯಿದೆ ಮಾಡಿತು. ಶಿವಮೊಗ್ಗವೂ ಆ ಸಂಸ್ಥಾನದ್ದೇ. ಎಂಟು! ಹಾಲುಹಲ್ಲು ಪೂರ್ತಿ ಬಿದ್ದಿರುವುದಿಲ್ಲ. 1929ರ ಶಾರದಾ ಕಾಯಿದೆ ಅದನ್ನು ಹದಿನಾಲ್ಕು ಮಾಡಿತು, ಹದಿನೆಂಟಕ್ಕೆ ಬರಲು 1978 ಆಯಿತು.

ಮದುವೆಯನ್ನೇ ಬೇರೆ ಥರ ಕಂಡವರೂ ನಮ್ಮ ಮಣ್ಣಿನವರೇ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ 12ನೇ ಶತಮಾನದಲ್ಲೇ ಚೆನ್ನಮಲ್ಲಿಕಾರ್ಜುನನೇ ಗಂಡ ಎಂದು ಹೊರಟಳು. ಕುಪ್ಪಳಿಯ ಕುವೆಂಪು 1966ರಲ್ಲಿ ಮಗ ತೇಜಸ್ವಿಗೆ ಮಂತ್ರಮಾಂಗಲ್ಯದ ಮದುವೆ ಮಾಡಿಸಿದರು, ಪುರೋಹಿತರಿಲ್ಲ, ಆಡಂಬರವಿಲ್ಲ. ಇವತ್ತಿಗೂ ಕುಪ್ಪಳಿಗೆ ಬಂದು ಹಾಗೆ ಮದುವೆಯಾಗುವವರಿದ್ದಾರೆ. ಈಗ ಅದೂ ಅರವತ್ತು ವರ್ಷದ ಪದ್ಧತಿಯಾಗಿಬಿಟ್ಟಿದೆ, ನೋಡಿ.

ಸಾಗರದ ಮದುವೆಯಲ್ಲಿ ಕೊನೇ ಪಂಕ್ತಿ ಏಳುವಷ್ಟರಲ್ಲಿ ಹುಡುಗರು ಹಸೆಯ ಫ್ಲೆಕ್ಸ್ ಸುತ್ತುತ್ತಿದ್ದರು, ಮರುದಿನ ಇನ್ನೊಂದು ಮದುವೆಗಂತೆ. ಅಜ್ಜಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ನೋಡುತ್ತಲೇ ಇದ್ದರು. "ನಮ್ಮದು ವರ್ಷಗಟ್ಲೆ ಗೋಡೆ ಮೇಲೇ ಇರ್ತಿತ್ತು" ಅಂದರು.