ಬೆಂಗ್ರೆಯ ಮರಳಿನ ಮೇಲೆ ಮ್ಯಾಂಚೆಸ್ಟರ್ ಯುನೈಟೆಡ್

ಫೆರಿ ಬೋಟು ಹೊರಡುವ ಮೊದಲೇ ಜಗಳ ಹೊರಟಿತ್ತು. ನೀವು ನೋಡುತ್ತಿರುವುದು ಮಂಗಳೂರಿನ ಹಳೆ ಬಂದರು, ಭಾನುವಾರ ಬೆಳಿಗ್ಗೆ. ಕೆಂಪು ಟೀಶರ್ಟು ಹಾಕಿಕೊಂಡು ಕೈ ಬೀಸುತ್ತಿರುವವನು ಬಿಜೈ ಕಡೆಯ ಗೆಳೆಯ. ಅವನ ಎದುರು ಹೆಲ್ಮೆಟ್ಟನ್ನೂ ತೆಗೆಯದೆ ತಲೆ ಅಲ್ಲಾಡಿಸುತ್ತಿರುವವನು ಕುದ್ರೋಳಿಯವನು. ಈ ಭಾಗದ ಧ್ವನಿಯನ್ನು ಬೇಕೆಂದೇ ತೆಗೆದು ಹಾಕಿದ್ದೇನೆ. ಅಮ್ಮ ನನ್ನ ವ್ಲಾಗ್ ತಪ್ಪದೆ ನೋಡುತ್ತಾರೆ.

ಜಗಳಕ್ಕೆ ಕಾರಣ ರೂಬೆನ್ ಅಮೋರಿಮ್. ಕಳೆದ ಸೋಮವಾರ, 2026ರ ಜನವರಿ 5ರಂದು, ನಾವೆಲ್ಲ ಬೆಂಬಲಿಸುವ ಇಂಗ್ಲೆಂಡಿನ ಫುಟ್ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಅವನನ್ನು ಕೋಚ್ ಹುದ್ದೆಯಿಂದ ತೆಗೆಯಿತು. ಹದಿನಾಲ್ಕು ತಿಂಗಳ ಕೆಲಸ ಅಲ್ಲಿಗೆ ಮುಗಿಯಿತು. ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ ಎಂದು ಬೇಸರಿಸಬೇಡಿ; ನಮ್ಮ ಗುಂಪಿನ ವ್ಯಾಕರಣವೇ ಹಾಗೆ. ಗೆದ್ದ ರಾತ್ರಿ ‘ಅವರು’, ಸೋತ ರಾತ್ರಿ ‘ಅವನು’. ಅಮೋರಿಮ್‌ಗೆ ಬಹುವಚನ ಸಿಕ್ಕಿದ ರಾತ್ರಿಗಳು ಕಡಿಮೆ.

ಮನುಷ್ಯ ಕೆಲಸ ಬಿಟ್ಟು ಹೋದ ಮೇಲಾದರೂ ಅವನ ಮೇಲಿನ ತಕರಾರು ತಣ್ಣಗಾಗಬೇಕಿತ್ತು. ಆಗಲಿಲ್ಲ. ಗುಂಪಿನಲ್ಲಿ ಸೋಮವಾರ ಮಧ್ಯಾಹ್ನದಿಂದ ಶನಿವಾರ ರಾತ್ರಿಯವರೆಗೆ ಬಂದ ಸಂದೇಶಗಳನ್ನು ಎಣಿಸುವುದನ್ನು ಬಿಟ್ಟುಬಿಟ್ಟೆ. ಕೊನೆಗೆ ನಾನೇ ಹೇಳಿದೆ: ನಾಳೆ ಬೆಂಗ್ರೆಗೆ ಹೋಗೋಣ, ಕಾಕನ ಎದುರು ಮಾತಾಡೋಣ.

ಕಸಬಾ ಬೆಂಗ್ರೆ ಎಂದರೆ ಹೊಳೆಗೂ ಸಮುದ್ರಕ್ಕೂ ನಡುವೆ ಉದ್ದಕ್ಕೆ ಮಲಗಿರುವ ಮರಳಿನ ನಾಲಗೆ. ರಸ್ತೆಯಲ್ಲಿ ಹೋಗುವುದಾದರೆ ಕೂಳೂರು ಸುತ್ತಿ, ತಣ್ಣೀರುಬಾವಿ ದಾಟಿ ಬರಬೇಕು. ಫೆರಿಯಲ್ಲಾದರೆ ಒಂದು ಮಾತು ಮುಗಿಯುವುದರೊಳಗೆ ಆಚೆ ದಡ. ಸಂಜೆ ಹೋದರೆ ಚೆಂಡು ಒದೆಯುವ ಹುಡುಗರು ಕಾಣದ ಖಾಲಿ ಜಾಗವೇ ಇಲ್ಲಿ ಸಿಗುವುದಿಲ್ಲ. ಕಾಕ ತಮ್ಮ ಕಾಲದಲ್ಲಿ ನೆಹರೂ ಮೈದಾನದ ಮಳೆಗಾಲದ ಕೆಸರಿನಲ್ಲಿ ಆಡಿದವರು. ಈಗ ವಯಸ್ಸಾಯಿತು, ಬೋಟಿಗೆ ಹೋಗುವುದಿಲ್ಲ, ಮನೆಯ ಹಿಂದೆ ಕುಳಿತು ಹರಿದ ಬಲೆ ಹೊಲಿಯುತ್ತಾರೆ. ಯುನೈಟೆಡ್ ಅವರ ತಂಡವಲ್ಲ, ಅವರು ಬ್ರೆಜಿಲ್ ಪಕ್ಷದವರು. ಹಾಗಾಗಿಯೇ ಅವರು ನಮ್ಮ ನ್ಯಾಯಾಧೀಶರು.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಮಸುಕು ವಿಡಿಯೊ ಕಳೆದ ಆಗಸ್ಟ್ 27ರದ್ದು. ಚೌತಿಯ ದಿನ. ಬಿಜೈಯವನ ಮನೆಯ ಚಾವಡಿ, ಹೊರಗೆ ಬಿಡದೆ ಸುರಿಯುವ ಮಳೆ, ಸ್ಟೀಲ್ ತಟ್ಟೆಯಲ್ಲಿ ಉಳಿದ ಪಂಚಕಜ್ಜಾಯ. ಪಂದ್ಯ ಶುರುವಾಗುವುದು ನಮ್ಮ ಲೆಕ್ಕದಲ್ಲಿ ರಾತ್ರಿ ಹನ್ನೆರಡೂವರೆಗೆ. ಲೀಗ್ ಕಪ್‌ನಲ್ಲಿ ಎದುರಾಳಿ ಗ್ರಿಮ್ಸ್‌ಬಿ ಟೌನ್, ಇಂಗ್ಲೆಂಡಿನ ನಾಲ್ಕನೆಯ ದರ್ಜೆಯ ತಂಡ. ‘ಮೊದಲರ್ಧ ನೋಡಿ ಮಲಗೋಣ’ ಎಂದುಕೊಂಡಿದ್ದೆವು. ಮೊದಲರ್ಧಕ್ಕೆ ಯುನೈಟೆಡ್ ಎರಡು ಗೋಲು ಹಿಂದೆ.

ಆ ರಾತ್ರಿಯ ಒಂದು ದೃಶ್ಯವನ್ನು ಫುಟ್ಬಾಲ್ ನೋಡುವವರೆಲ್ಲ ನೆನಪಿಟ್ಟುಕೊಂಡಿದ್ದಾರೆ. ಅಲ್ಲಿಯೂ ಮಳೆ. ಅಮೋರಿಮ್ ಮೈದಾನದ ಬದಿಯ ಡಗೌಟ್‌ನಲ್ಲಿ ಕುಳಿತು ತೊಡೆಯ ಮೇಲೆ ಪುಟ್ಟ ಹಲಗೆ ಇಟ್ಟುಕೊಂಡು ಅದರ ಮೇಲಿನ ಅಯಸ್ಕಾಂತದ ಬಿಲ್ಲೆಗಳನ್ನು ಅತ್ತ ಸರಿಸುತ್ತಾನೆ, ಇತ್ತ ಸರಿಸುತ್ತಾನೆ. ಮೈದಾನದಲ್ಲಿ ಅವನ ಆಟಗಾರರು ಜಾರುತ್ತಿದ್ದಾರೆ, ಇವನು ಬಿಲ್ಲೆ ಜೋಡಿಸುತ್ತಿದ್ದಾನೆ. ಬಿಜೈಯವನ ಅಜ್ಜಿ ನೀರು ಕುಡಿಯಲು ಎದ್ದು ಬಂದವರು ಟಿವಿಯ ಮುಂದೆ ನಿಂತು ನೋಡಿ, ‘ಈ ಮನುಷ್ಯ ಯಾಕೆ ಚೆನ್ನೆಮಣೆ ಆಡುತ್ತಿದ್ದಾನೆ?’ ಎಂದು ಕೇಳಿದರು. ಆ ಪಂದ್ಯದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು.

ಕೊನೆಗೆ ಎಂಬ್ಯೂಮೊ ಒಂದು, ಮ್ಯಾಗ್ವೈರ್ ಒಂದು ಹೊಡೆದು 2-2 ಆಯಿತು. ಪೆನಾಲ್ಟಿಗಳು ಒಟ್ಟು ಇಪ್ಪತ್ತಾರು. ಗೋಲ್‌ಕೀಪರ್‌ಗಳೂ ಒದ್ದರು, ಸರದಿ ಮತ್ತೆ ಮೊದಲಿಂದ ಬಂತು, ಎಂಬ್ಯೂಮೊ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿಯಿತು. 12-11. ಗ್ರಿಮ್ಸ್‌ಬಿ ಹಳೆಯ ಮೀನುಗಾರಿಕೆ ಬಂದರು, ಅಲ್ಲಿನ ಅಭಿಮಾನಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ಮೀನುಗಳನ್ನು ಎತ್ತಿ ಹಿಡಿದು ಕುಣಿಯುತ್ತಿದ್ದರು. ಮರುದಿನ ಕಾಕನಿಗೆ ಇದನ್ನು ಹೇಳಿದಾಗ ಅವರಿಗೆ ಪಂದ್ಯದ ಗೊಡವೆಯೇ ಬೇಕಿರಲಿಲ್ಲ. ಯಾವ ಮೀನು ಎಂದು ಮೂರು ಸಲ ಕೇಳಿದರು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಸಮುದ್ರಕ್ಕೆ ಇಳಿದ ತಿಂಗಳು ಅದು, ಧಕ್ಕೆಯಲ್ಲಿ ಎಲ್ಲರಿಗೂ ಕೆಲಸ. ಆದರೂ ಅಂದಿನಿಂದ ನಮ್ಮಲ್ಲಿ ಎರಡು ಪಕ್ಷಗಳಾದವು. ಬಿಜೈಯವನದು ‘ಮೂವರ’ ಪಕ್ಷ, ಕುದ್ರೋಳಿಯವನದು ‘ನಾಲ್ವರ’ ಪಕ್ಷ. ಹಿಂದೆ ಮೂವರು ಡಿಫೆಂಡರ್‌ಗಳೇ ನಾಲ್ವರೇ ಎಂಬುದು ತಕರಾರು. ಅಮೋರಿಮ್‌ನದು 3-4-3: ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು. ಲಿಸ್ಬನ್‌ನ ಸ್ಪೋರ್ಟಿಂಗ್ ತಂಡಕ್ಕೆ 2021ರಲ್ಲಿ, ಹತ್ತೊಂಬತ್ತು ವರ್ಷಗಳ ಬಳಿಕ, ಲೀಗ್ ಗೆದ್ದುಕೊಟ್ಟದ್ದು ಇದೇ ಪಟ್ಟಿನಿಂದ. ಅದನ್ನು ಹಾಗೆಯೇ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಮ್ಯಾಂಚೆಸ್ಟರ್‌ಗೆ ಬಂದ. 2024-25ರ ಲೀಗಿನಲ್ಲಿ ಯುನೈಟೆಡ್ ಹದಿನೈದನೆಯ ಸ್ಥಾನಕ್ಕೆ ಇಳಿಯಿತು. 42 ಅಂಕ, 18 ಸೋಲು. ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್ಲನ್ನೂ ಟಾಟನ್‌ಹ್ಯಾಮ್‌ಗೆ ಒಂದು ಗೋಲಿನಿಂದ ಬಿಟ್ಟುಕೊಟ್ಟಿತು. ಪೋಪ್ ಬಂದು ಹೇಳಿದರೂ ಬದಲಾಯಿಸುವುದಿಲ್ಲ ಎಂಬ ಅರ್ಥದಲ್ಲಿ ಅವನು ಪತ್ರಕರ್ತರಿಗೆ ಉತ್ತರಿಸಿದ್ದ.

ಬೆಂಗ್ರೆಯ ದಡಕ್ಕೆ ಬಂದೆವು. ಕಾಕ ಬಲೆಯ ರಾಶಿಯ ನಡುವೆ ಕುಳಿತಿದ್ದಾರೆ. ಅವರ ಮುಖ ತೋರಿಸುವುದಿಲ್ಲ, ಬೇಡ ಎಂದಿದ್ದಾರೆ. ಕೈ ಮಾತ್ರ ನೋಡಿ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಕಣ್ಣುಗಳ ಬಲೆ. ಕಾಲಿನ ಹೆಬ್ಬೆರಳಿಗೆ ಒಂದು ತುದಿ ಸಿಕ್ಕಿಸಿ ಎಳೆದು ಹಿಡಿದಿದ್ದಾರೆ, ಸೂಜಿ ಒಳಗೆ ಹೋಗಿ ಸುತ್ತಿ ಹೊರಗೆ ಬರುತ್ತದೆ, ಗಂಟು ಬೀಳುತ್ತದೆ. ನಾವು ಸಲಾಂ ಹೇಳಿ ಮುಗಿಸುವಷ್ಟರಲ್ಲಿ ನಾಲ್ಕು ಗಂಟು.

‘ನಿಮ್ಮ ಮನುಷ್ಯನನ್ನು ಕಳುಹಿಸಿದರಂತೆ’ ಎಂದರು ತಲೆ ಎತ್ತದೆ.

‘ಕಾಕ, ನೀವೇ ಹೇಳಿ’ ಎಂದು ಇಬ್ಬರೂ ಒಟ್ಟಿಗೇ ಶುರುಮಾಡಿದರು.

‘ಬಾಯಲ್ಲಿ ಬೇಡ. ಹಾಕಿ ತೋರಿಸಿ.’

ಕುದ್ರೋಳಿಯವನು ಕೋಲಿನಿಂದ ಮರಳಿನ ಮೇಲೆ ಮೈದಾನ ಗೀರಿದ. ಯುನೈಟೆಡ್‌ಗೆ ಹನ್ನೊಂದು ಮರುವಾಯಿ ಚಿಪ್ಪು. ಎದುರಾಳಿಗೆ ಒಡೆದ ಮಂಗಳೂರು ಹಂಚಿನ ಚೂರು. ಗೋಲಿನಲ್ಲಿ ಒಂದು ಚಿಪ್ಪು, ಅದರ ಮುಂದೆ ಮೂರು, ಎರಡು ಬದಿಯ ಗೆರೆಗೆ, ಉದ್ದಕ್ಕೂ ಹಿಂದೆ ಮುಂದೆ ಓಡಲು, ಒಂದೊಂದು ವಿಂಗ್‌ಬ್ಯಾಕ್, ನಡುವೆ ಎರಡು, ಮುಂದೆ ಮೂರು. ನೋಡಲು ಬಲು ಚಂದ, ಕೊಡೆ ಬಿಡಿಸಿದ ಹಾಗೆ. ‘ಈಗ ನೋಡಿ’ ಎಂದು ಅವನು ನಡುಭಾಗದಲ್ಲಿ ಹಂಚಿನ ಚೂರು ಇಟ್ಟ. ಒಂದಲ್ಲ, ಎರಡಲ್ಲ, ಮೂರು. ಚಿಪ್ಪು ಎರಡೇ. ‘ಇದು ಕಸೆಮಿರೊ, ಮೂವತ್ತಮೂರು ವರ್ಷ. ಇದು ಬ್ರೂನೊ, ಮುಂದೆ ನಿಂತು ಪಾಸ್ ಕೊಡಬೇಕಾದವನನ್ನು ಹಿಂದಕ್ಕೆ ಎಳೆದು ತಂದದ್ದು. ಇವನು ಗೋಲು ಹುಡುಕಿಕೊಂಡು ಮುಂದೆ ಹೋದ.’ ಬ್ರೂನೊ ಚಿಪ್ಪು ಮುಂದೆ ಜಾರಿತು. ಮೂರು ಹಂಚಿನ ಚೂರಿನ ಮಧ್ಯೆ ಕಸೆಮಿರೊ ಒಬ್ಬನೇ ಉಳಿದ.

ಬಿಜೈಯವನು ಬಿಡುವವನೇ? ‘ಇದು ಪಟ್ಟಿನ ತಪ್ಪಲ್ಲ ಮಾರಾಯ. ಚೆಲ್ಸಿಯಲ್ಲಿ ಕಾಂಟೆ 2016-17ರಲ್ಲಿ ಇದೇ 3-4-3 ಆಡಿಸಿ 93 ಅಂಕ ತೆಗೆದು ಲೀಗ್ ಗೆಲ್ಲಲಿಲ್ಲವೇ? ಇವನು ಸೀಸನ್ನಿನ ನಡುವೆ ಬಂದವನು. ಲಿವರ್‌ಪೂಲ್‌ನವರ ಆನ್‌ಫೀಲ್ಡ್‌ನಲ್ಲಿ ಅಕ್ಟೋಬರ್‌ನಲ್ಲಿ ಗೆದ್ದೆವು, 2016ರ ಬಳಿಕ ಮೊದಲ ಸಲ. ತೆಗೆದು ಹಾಕಿದ ದಿನ ತಂಡ ಆರನೆಯ ಸ್ಥಾನದಲ್ಲಿತ್ತು. ಹದಿನೈದರಿಂದ ಆರಕ್ಕೆ ತಂದವನನ್ನು ಕಳುಹಿಸುತ್ತಾರೆಯೇ?’

ಇಲ್ಲಿ ಗೊಂದಲ ಬೇಡ, ಚೆಲ್ಸಿಯ ಕೋಚ್ ಆಂಟೋನಿಯೊ ಕೊಂಟೆ, ಆಟಗಾರ ಎನ್ಗೊಲೊ ಕಾಂಟೆ. ಬಿಜೈಯವನ ಬಾಯಲ್ಲಿ ಇಬ್ಬರೂ ಕಾಂಟೆಯೇ. ಆದರೆ ಆ ತೊದಲಿನಲ್ಲೇ ಉತ್ತರವೂ ಸಿಕ್ಕಿಬಿಟ್ಟಿತು. ಕೊಂಟೆಯ ಎರಡು ಚಿಪ್ಪುಗಳಲ್ಲಿ ಒಂದು ಕಾಂಟೆ. ಆ ಪುಟ್ಟ ಮನುಷ್ಯ ನಡುವೆ ಇದ್ದರೆ ಇಬ್ಬರು ಮೂವರಾಗುತ್ತಿದ್ದರು.

ಇಷ್ಟು ಹೊತ್ತು ಸುಮ್ಮನಿದ್ದ ಕಾಕ ಸೂಜಿ ಕೆಳಗಿಟ್ಟರು. ‘ನೀವು ರಂಪಣಿ ಎಳೆದಿದ್ದೀರಾ?’

ಇಲ್ಲ ಎಂದೆವು. ನಾವು ರಂಪಣಿ ನೋಡಿದ್ದೇ ಮೊಬೈಲಿನಲ್ಲಿ.

‘ನಾನು ಹುಡುಗನಾಗಿದ್ದಾಗ ತೋಟ ಬೆಂಗ್ರೆಯ ಕಡೆ ಹೋಗಿ ಹಗ್ಗಕ್ಕೆ ಕೈ ಕೊಡುತ್ತಿದ್ದೆ, ಮನೆಗೆ ಮೀನು ಸಿಗುತ್ತಿತ್ತು. ದೋಣಿ ಸುತ್ತು ಹಾಕಿ ಬಲೆ ಬಿಡುತ್ತದೆ. ದಡದಲ್ಲಿ ಎರಡು ಕಡೆ ಜನ ನಿಂತು ಎರಡು ಹಗ್ಗ ಎಳೆಯುತ್ತಾರೆ.’ ಅವರು ಎರಡು ಬದಿಯ ವಿಂಗ್‌ಬ್ಯಾಕ್ ಚಿಪ್ಪುಗಳನ್ನು ಎರಡು ಕೈಯಲ್ಲಿ ಹಿಡಿದು ತಮ್ಮ ಕಡೆ ಎಳೆದರು. ‘ಎಳೆಯುವುದು ಬದಿಯವರು. ಮೀನು ನಿಲ್ಲುವುದು ನಡುವಿನ ಚೀಲದಲ್ಲಿ. ಚೀಲಕ್ಕೆ ತೂತು ಬಿದ್ದಿದ್ದರೆ ಹಗ್ಗಕ್ಕೆ ಮೂವತ್ತು ಜನ ಇದ್ದರೂ ದಡಕ್ಕೆ ಬರುವುದು ಕಸ.’

‘ಅಂದರೆ ನಾಲ್ವರೇ ಸರಿ’ ಎಂದ ಕುದ್ರೋಳಿಯವನು.

‘ನಾನು ನಾಲ್ಕು ಎಂದೆನೇ? ತೂತು ಎಂದೆ.’

ಬಿಜೈಯವನು ನಕ್ಕ. ನಗುವ ಸರದಿ ಅವನದಲ್ಲ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕಾಕ ಗೆರೆಯ ಹೊರಗೆ ಬಿದ್ದಿದ್ದ ಒಂದು ಚಿಪ್ಪನ್ನು ತೋರಿಸಿ, ‘ಇದು ಯಾರು?’ ಎಂದು ಕೇಳಿದ್ದರು.

ಅದನ್ನು ಅಲ್ಲಿ ಇಟ್ಟವನು ನಾನು. ಅದು ಕೋಬಿ ಮೈನೂ.

ಇಲ್ಲಿಂದ ನನ್ನ ಮಾತು. ಮೂರು-ನಾಲ್ಕರ ಲೆಕ್ಕವೆಲ್ಲ ಮೇಲಿನ ನೊರೆ ಎಂದೇ ನನ್ನ ಅಭಿಪ್ರಾಯ. ಮೈನೂ ಯುನೈಟೆಡ್‌ನ ಅಕಾಡೆಮಿಯಲ್ಲೇ ಬೆಳೆದವನು, 2024ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ವಿರುದ್ಧ ಎರಡನೆಯ ಗೋಲು ಹೊಡೆದವನು. ಆಗ ಅವನಿಗೆ ಹತ್ತೊಂಬತ್ತು. ಅದೇ ಬೇಸಿಗೆಯಲ್ಲಿ ಯುರೋ ಫೈನಲ್‌ನಲ್ಲಿ ಇಂಗ್ಲೆಂಡಿನ ಹನ್ನೊಂದರ ಬಳಗದಲ್ಲಿದ್ದ. ಸುತ್ತ ಮೂವರು ಮುತ್ತಿದರೂ ಚೆಂಡು ಕಳೆದುಕೊಳ್ಳದೆ ತಿರುಗಿ ಬರುವ ಹುಡುಗ. ಚೀಲದ ತೂತು ಹೊಲಿಯಲು ಬೇಕಾದ ದಾರ ಅವನೇ ಎಂದು ನಾನು ಒಂದು ವರ್ಷದಿಂದ ಹೇಳುತ್ತಿದ್ದೇನೆ. ಈ ಸೀಸನ್ನಿನಲ್ಲಿ ಅಮೋರಿಮ್ ಅವನನ್ನು ಒಂದು ಲೀಗ್ ಪಂದ್ಯದಲ್ಲೂ ಆರಂಭದಿಂದ ಆಡಿಸಲಿಲ್ಲ. ಬ್ರೂನೊನ ಜಾಗಕ್ಕೆ ಅವನು ಪೈಪೋಟಿ ನೀಡಬೇಕು ಎಂಬುದು ಕೊಟ್ಟ ಕಾರಣ. ಬೋರ್ನ್‌ಮತ್ ವಿರುದ್ಧ 4-4 ಆದ ಡಿಸೆಂಬರ್ ರಾತ್ರಿ ಮೈನೂನ ಅಣ್ಣ, ತಮ್ಮನನ್ನು ಬಿಡುಗಡೆ ಮಾಡಿ ಎಂದು ಬರೆದ ಟೀಶರ್ಟು ಹಾಕಿಕೊಂಡೇ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ಗೆ ಬಂದಿದ್ದ. ನಾನಾಗಿದ್ದರೂ ಹಾಕಿಕೊಳ್ಳುತ್ತಿದ್ದೆ.

ಇಲ್ಲಿ ಬಿಜೈಯವನು ಒಂದು ಮಾತು ಹೇಳಿದ. ಅದನ್ನು ಕತ್ತರಿಸಬಹುದಿತ್ತು, ಕತ್ತರಿಸಿಲ್ಲ. ‘ನಿನಗೆ ಸಿಟ್ಟು ಅಮೋರಿಮ್ ಮೇಲೆ ಅಲ್ಲ, ನಮ್ಮ ಪಿ.ಟಿ. ಮಾಸ್ಟ್ರ ಮೇಲೆ.’

ನಿಜವೇ. ಒಂಬತ್ತನೆಯ ತರಗತಿಯಲ್ಲಿ ನಾನು ಎಡಬದಿಯ ಆಟಗಾರ. ನೆಹರೂ ಮೈದಾನದಲ್ಲಿ ಅಂತರಶಾಲಾ ಪಂದ್ಯ, ಹೊಸ ಬೂಟು, ಅಪ್ಪ ರಜೆ ಹಾಕಿ ಬಂದಿದ್ದರು. ಮಾಸ್ಟ್ರು ಆ ದಿನ ಬದಿಯ ಆಟಗಾರರೇ ಬೇಡ ಎಂದು ತೀರ್ಮಾನಿಸಿದರು. ನಾನು ನೀರಿನ ಕ್ಯಾನು ಕಾದೆ. ಬೂಟಿಗೆ ಒಂದು ಹನಿ ಕೆಸರು ತಾಗಲಿಲ್ಲ. ಅಪ್ಪ ಬಸ್ಸಿನಲ್ಲಿ ಆ ಬೂಟನ್ನು ನೋಡುತ್ತಲೇ ಬಂದರು, ಏನೂ ಹೇಳಲಿಲ್ಲ. ಗರ್ನಾಚೊ, ರಾಶ್‌ಫೋರ್ಡ್, ಆಂಟನಿ, ಸಾಂಚೊ, ಇಷ್ಟು ಬದಿಯ ಆಟಗಾರರನ್ನು ಯುನೈಟೆಡ್ ಒಂದೇ ಬೇಸಿಗೆಯಲ್ಲಿ ಹೊರಗೆ ಕಳುಹಿಸಿದಾಗ ಅವರಲ್ಲಿ ಅರ್ಧ ಜನ ಹೋದದ್ದೇ ಒಳ್ಳೆಯದಾಯಿತು ಎಂದು ನನ್ನ ಬುದ್ಧಿ ಹೇಳಿತು. ಬೂಟು ಬೇರೆಯೇ ಹೇಳಿತು.

ಕಾಕನಿಗೆ ಈ ಕಥೆ ಇಷ್ಟವಾಗಲಿಲ್ಲ. ‘ಪಂದ್ಯ ಗೆದ್ದಿರೋ?’ ಎಂದರು. ಗೆದ್ದಿದ್ದೆವು. ‘ಮತ್ತೆ?’ ಎಂದು ಸೂಜಿ ಎತ್ತಿಕೊಂಡರು.

ಕುದ್ರೋಳಿಯವನು ಕೊನೆಯ ಬಾಣ ಉಳಿಸಿಕೊಂಡಿದ್ದ. ಪೋಪ್ ಹೇಳಿದರೂ ಬದಲಾಗದವನು ಕ್ರಿಸ್ಮಸ್‌ನ ಮರುದಿನ ಬದಲಾದ! ಡಿಸೆಂಬರ್ 26ರಂದು ನ್ಯೂಕ್ಯಾಸಲ್ ವಿರುದ್ಧ ಹಿಂದೆ ನಾಲ್ವರನ್ನು ನಿಲ್ಲಿಸಿದ, ಡೋರ್ಗು ಗೋಲು ಹೊಡೆದ, 1-0 ಗೆಲುವು. ಗೆದ್ದ ಮೇಲೆ ಯಾರಾದರೂ ಅದನ್ನೇ ಮುಂದುವರಿಸುತ್ತಾರಲ್ಲವೇ? ನಾಲ್ಕು ದಿನ ಬಿಟ್ಟು, ಪಟ್ಟಿಯ ತಳದಲ್ಲಿದ್ದ ವುಲ್ವ್ಸ್ ವಿರುದ್ಧ ಮನೆಯಂಗಳದಲ್ಲೇ ಮತ್ತೆ ಮೂವರು. 1-1. ಅಲ್ಲಿಗೆ ನನ್ನ ತಾಳ್ಮೆಯೂ ಮುಗಿದಿತ್ತು. ಹಠ ಹಿಡಿದವನನ್ನು ಒಪ್ಪಬಹುದು, ಹಠ ಬಿಟ್ಟವನನ್ನೂ ಒಪ್ಪಬಹುದು. ಬಿಟ್ಟ ಹಠವನ್ನು ನಾಲ್ಕೇ ದಿನದಲ್ಲಿ ಮತ್ತೆ ಹಿಡಿದುಕೊಂಡವನನ್ನು ಏನು ಮಾಡುವುದು?

ಬಿಜೈಯವನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಅವನು ಚಿಪ್ಪುಗಳನ್ನು ಮತ್ತೆ ಜೋಡಿಸತೊಡಗಿದ. ಹಿಂದೆ ಮೂರು, ನಡುವೆ ಕಸೆಮಿರೊನ ಪಕ್ಕ ಮೈನೂ, ಬ್ರೂನೊ ಮುಂದೆ. ‘ಹೀಗೆ ಆಡಿಸಿದ್ದರೆ?’ ಎಂದು ಕೇಳಿದ, ಯಾರನ್ನು ಎಂದು ಗೊತ್ತಿಲ್ಲ. ಒಂದು ಬೆಕ್ಕು ಮೀನಿನ ವಾಸನೆ ಹಿಡಿದು ಬಂದು ಎಡ ವಿಂಗ್‌ಬ್ಯಾಕನ್ನು ಮೂಸಿ ನೋಡಿ ಹೋಯಿತು. ಕಾಕನ ಮನೆಯಿಂದ ಸುಲೈಮಾನಿ ಬಂತು. ಚಹಾ ಕುಡಿಯುವಾಗ ಹೆಚ್ಚು ಮಾತಿರಲಿಲ್ಲ.

ಹೊರಡುವಾಗ ಬಿಸಿಲು ಏರಿತ್ತು. ಈ ಕೊನೆಯ ದೃಶ್ಯ ಬೋಟಿನಿಂದ ತೆಗೆದದ್ದು, ಎಂಜಿನ್ ಶುರುವಾದ ಮೇಲೆ. ಕಾಕ ದಡದವರೆಗೆ ಬಂದಿದ್ದಾರೆ, ಬೆನ್ನು ಬಿಸಿಲಿಗೆ, ಮುಖ ಕಪ್ಪಗೆ ಕಾಣುತ್ತದೆ. ಬಿಜೈಯವನು ಬೋಟಿನಿಂದ ಕೂಗಿ ಕೇಳಿದ: ‘ಕಾಕ, ಒಂದೇ ಮಾತು, ಮೂರೋ ನಾಲ್ಕೋ?’ ಅವರು ಏನೋ ಕೂಗಿದರು, ಎಂಜಿನ್ನಿನ ಸದ್ದಿಗೆ ಕೇಳಲಿಲ್ಲ. ಆಗ ಕೈ ಎತ್ತಿ ಬೆರಳು ತೋರಿಸಿದರು.

ಮನೆಗೆ ಬಂದು ಇಲ್ಲಿ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ಕಿರುಬೆರಳಿಗೆ ಬಲೆಯ ದಾರವೊಂದು ಸುತ್ತಿಕೊಂಡಿದೆ, ಅದು ಮಡಚಿದೆಯೋ ನೆಟ್ಟಗಿದೆಯೋ ತಿಳಿಯುವುದಿಲ್ಲ. ಚಿತ್ರವನ್ನು ಗುಂಪಿಗೆ ಹಾಕಿದೆ. ಬಿಜೈಯವನು ಮೂರು ಎನ್ನುತ್ತಾನೆ. ಕುದ್ರೋಳಿಯವನು ನಾಲ್ಕು.