ಪರೀಕ್ಷೆ ಮುಂದಕ್ಕೆ ಹೋಯಿತೋ, ಹತ್ತಿರ ಬಂತೋ?

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿಯೊಬ್ಬಳ ಮೊಬೈಲಿಗೆ ಒಂದು ಮೆಸೇಜ್ ಬಂತು ಅಂದುಕೊಳ್ಳಿ. ‘ದಿ ಎಕ್ಸಾಮ್ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್ ಬೈ ಎ ವೀಕ್.’ ಫಾರ್ವರ್ಡ್ ಅಂದರೆ ಮುಂದಕ್ಕೆ. ಸರಿ, ಪರೀಕ್ಷೆ ಒಂದು ವಾರ ಮುಂದಕ್ಕೆ ಹೋಯಿತು ಅಂತ ಅವಳು ಊರಿನ ಬಸ್ಸು ಹತ್ತಿದರೆ ಕೆಟ್ಟಳು. ಪರೀಕ್ಷೆ ನಡೆಯುವುದು ಒಂದು ವಾರ ಮೊದಲೇ!

ಬ್ರಿಂಗ್ ಫಾರ್ವರ್ಡ್ ಅಂದರೆ ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದು. ನಮ್ಮಲ್ಲಿ 20ನೇ ತಾರೀಕಿನ ಮದುವೆ ಮುಂದಕ್ಕೆ ಹೋಯಿತು ಅಂದರೆ 20 ಕಳೆದ ಮೇಲೆ ಅಂತಲೇ ಅರ್ಥ. ಇಂಗ್ಲಿಷಿನಲ್ಲಿ ಆ ದಿನವನ್ನೇ ನಮ್ಮ ಹತ್ತಿರಕ್ಕೆ ತರುತ್ತಾರೆ. ಬ್ರಿಂಗ್ ಅನ್ನುವುದನ್ನು ಬಿಟ್ಟು ಬರೀ ಫಾರ್ವರ್ಡ್ ಹಿಡಿದುಕೊಂಡರೆ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ. ಬ್ರಿಟಿಷರು ಬಳಸುವ ಪುಟ್ ಬ್ಯಾಕ್ ಕೂಡ ಹೀಗೇ. ಬ್ಯಾಕ್ ಅಂದರೆ ಹಿಂದಕ್ಕೆ, ಆದರೆ ಕೆಲಸ ಆಗುವುದು ತಡವಾಗಿ.

ನಮಗೆ ಹೆಚ್ಚು ಪರಿಚಯ ಇರುವುದು ಪುಟ್ ಆಫ್. ಚಳ್ಳಕೆರೆ ಕಡೆ ಮಳೆ ತಡವಾದರೆ ರೈತರು ಶೇಂಗಾ ಬಿತ್ತನೆ ಮುಂದಕ್ಕೆ ಹಾಕುತ್ತಾರೆ. ‘ದೇ ಪುಟ್ ಆಫ್ ದ ಸೋಯಿಂಗ್.’ ಇಟ್ ಬಂದಾಗ ಮಾತ್ರ ಅದು ನಡುವೆ ಕೂರಬೇಕು. ಪುಟ್ ಇಟ್ ಆಫ್ ಸರಿ, ಪುಟ್ ಆಫ್ ಇಟ್ ತಪ್ಪು. ಕೆಲಸ ಪೂರ್ತಿ ರದ್ದಾದರೆ ಕಾಲ್ ಆಫ್. ಈ ಎರಡನ್ನು ಕಲೆಸಿಕೊಂಡು, ದಿನ ಬದಲಾದ ಇಂಟರ್‌ವ್ಯೂ ರದ್ದಾಯಿತು ಅಂತ ಕೈಬಿಡಬೇಡಿ.

ಪುಟ್ ಅಂದರೆ ಇಡು, ಆಫ್ ಅಂದರೆ ಆರಿಸು, ಎರಡೂ ಸೇರಿ ‘ಮುಂದಕ್ಕೆ ಹಾಕು’ ಹೇಗಾಯಿತು ಅಂತ ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಮಳೆ ಕೈಕೊಟ್ಟಿತು ಅಂದಾಗ ನಾವು ಕೈಯನ್ನೂ ಕೊಡುವುದನ್ನೂ ಬಿಡಿಸಿ ನೋಡುತ್ತೇವಾ? ಇಲ್ಲ ಅಲ್ವಾ? ಇಡೀ ಮಾತು ಒಟ್ಟಿಗೆ ಅರ್ಥ ಕೊಡುತ್ತದೆ. ಆದ್ದರಿಂದ ಪುಟ್ ಆಫ್ ಅನ್ನು ಸುಮ್ನೆ ಉರು ಹೊಡೆಸುವ ಬದಲು ವಾಕ್ಯದಲ್ಲಿಟ್ಟು ಕಲಿಸಿ. ‘ದ ಸ್ಮೆಲ್ ಪುಟ್ ಮಿ ಆಫ್’ ಅಂದರೆ ಆ ವಾಸನೆಗೇ ಬೇಡ ಅನ್ನಿಸಿತು ಅಂತ. ವಾಕ್ಯ ನೋಡದೆ ಇದು ಹೊಳೆಯುವುದಿಲ್ಲ.

ಇನ್ನು ಪ್ರಿಪೋನ್. ಪೋಸ್ಟ್‌ಪೋನ್‌ಗೆ ಎದುರಾಗಿ ನಮ್ಮ ದೇಶದಲ್ಲಿ ಜಾಸ್ತಿ ಬಳಸುವ ಮಾತು ಇದು. ನನಗಂತೂ ಇಷ್ಟ, ಗೊಂದಲವೇ ಇಲ್ಲ. ಆದರೆ ಹೊರದೇಶದವರಿಗೆ ಬರೆಯುವಾಗ ಬ್ರಿಂಗ್ ಫಾರ್ವರ್ಡ್ ಅಂತಲೇ ಬರೆಯಿರಿ, ಪಕ್ಕದಲ್ಲೇ ಹೊಸ ತಾರೀಕನ್ನೂ ಹಾಕಿ.

ನಮಸ್ಕಾರ.